ಗ್ಯಾನಮ್ಮನ ಎಡಗಿವಿ

ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಬಂಡಿ ಇಟ್ಟಿರುವ ಗ್ಯಾನಮ್ಮ ಬಲಗಿವಿಗೆ ಮಾತ್ರ ಓಲೆ ಹಾಕುತ್ತಾಳೆ. ಎಡಗಿವಿಯನ್ನು ಗಂಡ ಬೀರಲಿಂಗ ಚೂರಿಯಿಂದ ಸೀಳಿದ್ದ.

ಕಾರಣ ದೊಡ್ಡದೇನಲ್ಲ. ಕುಡಿದು ಬಂದವನು ಕುರಿಹಟ್ಟಿಯ ಬಾಗಿಲಲ್ಲೇ ಟಗರಿನಿಂದ ಗುದ್ದಿಸಿಕೊಂಡು ಅಂಗಾತ ಬಿದ್ದ. ಈಕೆ ನಕ್ಕಳು. ಟಗರಿನ ತಂಟೆಗೆ ಹೋಗುವ ಧೈರ್ಯವಿಲ್ಲದವನು ಹೆಂಡತಿಯ ಕೂದಲು ಹಿಡಿದು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಎಡಗಿವಿಯ ಕೆಳಗೆ ಚೂರಿ ಎಳೆದುಬಿಟ್ಟ. ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಹೊಲಿಗೆ ಮಾಯಿತು, ಆದರೆ ಅದರ ಮೇಲೆ ಹುಣಸೆಬೀಜದಂಥ ಗಂಟೊಂದು ಎದ್ದು ನಿಂತಿತು.

ಕುರಿ ಕಾಯುವವರಲ್ಲಿ ಮನೆಗೊಂದು ಕಿವಿಗುರುತು ಇರುತ್ತದೆ. ತಪ್ಪಿಸಿಕೊಂಡ ಕುರಿ ಯಾರ ಹಿಂಡು ಸೇರಿದರೂ ಕಿವಿ ನೋಡಿ ಮಾಲೀಕನಿಗೆ ಒಪ್ಪಿಸುತ್ತಾರೆ. ಬೀರಲಿಂಗನ ಮನೆಯ ಗುರುತು ಎಡಗಿವಿಯ ಕೆಳಗೆ ಒಂದು ಸೀಳು. ಗ್ಯಾನಮ್ಮ ತವರು ಸೇರಿದ್ದಳು. ಜೈಲಿನಿಂದ ಜಾಮೀನಿನ ಮೇಲೆ ಹೊರಬಂದ ಬೀರಲಿಂಗ ಹೋಟೆಲಿನ ಕಟ್ಟೆಯ ಮೇಲೆ ಕೂತು ಮೀಸೆ ತೀಡಿದ.

“ಗುರುತು ಹಾಕಿದ ಮಾಲದು. ಎಲ್ಲಿ ಮೇದ್ರೂ ನನ್ನ ಹಟ್ಟಿಗೇ ಬರಬೇಕು.”

ಕೂತಿದ್ದ ಹಿರಿಯರು ನಕ್ಕರು. ನಗುತ್ತಲೇ ಇಬ್ಬರು ಹೌದೆಂದು ತಲೆಯನ್ನೂ ಆಡಿಸಿದರು. ಚೂರಿಗೆ ಹೆದರದ ಗ್ಯಾನಮ್ಮ ತವರಿಗೆ ಬಂದು ಮುಟ್ಟಿದ ಆ ತಲೆಯಾಟದ ಸುದ್ದಿಗೆ ಹೆದರಿದಳು. ಈ ಗುರುತು ಹೋಗದೆ ತನಗೆ ಬಿಡುಗಡೆಯಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಅಪ್ಪ ಮೈಲಾರಲಿಂಗಪ್ಪನಿಗೆ ಗೊತ್ತಿದ್ದದ್ದು ಒಂದೇ ದಾರಿ. “ಕೊಂಡ ಕುರಿಗೆ ಹಳೇ ಗುರುತಿನ ಮ್ಯಾಲೆ ಬರಿ ಎಳದ್ರ ಹಳೇ ಹಕ್ಕು ಸುಟ್ಟು ಹೋಕ್ಕೈತಿ. ತಡಕೋ ಮಗಳ,” ಎಂದು ಕಬ್ಬಿಣದ ಸಲಾಕೆಯನ್ನು ಕೆಂಪಗೆ ಕಾಸಿದ. ತಮ್ಮಂದಿರಿಬ್ಬರು ತೋಳು ಅದುಮಿ ಹಿಡಿದರು. ಬಾಯಿಗೆ ತುರುಕಿದ್ದ ಸೆರಗು ಹಲ್ಲಿಗೆ ಸಿಕ್ಕಿ ಹರಿಯಿತು. ಸುಟ್ಟ ಮಾಂಸದ ವಾಸನೆಗೆ ನಾಯಿಗಳು ಬಂದು ನಿಂತವು. ಕುರಿಯ ಚರ್ಮ ಕೇಳುವ ಮಾತನ್ನು ಮಗಳ ಚರ್ಮ ಕೇಳಲಿಲ್ಲ. ಗಂಟು ನೇರಳೆಹಣ್ಣಿನಷ್ಟಾಗಿ, ಮಿರಿಮಿರಿ ಮಿಂಚುತ್ತ ಹಗಲೂ ರಾತ್ರಿ ತುರಿಸತೊಡಗಿತು. ಅಳಿಸಲೆಂದು ಹಾಕಿದ ಬರೆ, ದಪ್ಪ ಅಕ್ಷರದಲ್ಲಿ ಬರೆದಂತಾಯಿತು.

ಅಷ್ಟರಲ್ಲಿ ಗ್ಯಾನಮ್ಮ ಮಿರ್ಚಿ ಬಂಡಿ ಇಟ್ಟಿದ್ದಳು. ಬಂಡಿಯ ಪಕ್ಕದಲ್ಲಿ ಬಳೆ ಮಾರುವ ಮೀರಾಬಿ ಅವಳನ್ನು ಎಳೆದುಕೊಂಡು ಸಿಂಧನೂರಿನ ಚರ್ಮದ ಡಾಕ್ಟರು ದೀಪಾ ಅವರಲ್ಲಿಗೆ ಹೋದಳು.

“ಇದನ್ನ ಸುಡಬಾರದಿತ್ತವ್ವ. ಕೆಣಕಿದಷ್ಟೂ ಬೆಳಿಯೋ ಜಾತಿ ಇದು,” ಎಂದರು ಡಾಕ್ಟರು. “ಭಾಳ ತಣ್ಣಗಿನ ನೈಟ್ರೋಜನ್ ಹೊಡಿತೀನಿ, ಒಳಗಿಂದ ಸಾಯ್ತದ. ಒಂದೇ ಸಲಕ್ಕ ಆಗಂಗಿಲ್ಲ, ತಿಂಗಳಿಗೊಮ್ಮೆ ಬರಬೇಕು. ಗಂಟು ಚಪ್ಪಟಿ ಆಗ್ತದ, ಬಿಳಿ ಕಲಿ ಉಳೀತದ.”

ಹೊಗೆಯಾಡುವ ಡಬ್ಬಿ ನೋಡಿ ಗ್ಯಾನಮ್ಮ ಎದ್ದು ಕೂತಳು. “ಮ್ಯಾಡಂ, ಇದು ದನದ ದವಾಖಾನ್ಯಾಗ ಎಮ್ಮಿಗೆ ಗರ್ಭ ಕಟ್ಟಸೋ ಡಬ್ಬಿ ಅಲ್ಲೇನ್ರೀ?”

“ಅದ್ರಾಗೂ ಇದನ್ನss ತುಂಬಿರ್ತಾರ. ಅಂಜಬ್ಯಾಡ, ನೀ ಕರು ಹಾಕಂಗಿಲ್ಲ.”

ಬುಸ್ಸೆಂದು ಬಿಳಿ ಹೊಗೆ ಕಿವಿಗೆ ಬಡಿಯಿತು. ಗಂಟು ಉಪ್ಪಿನ ಹರಳಿನಂತೆ ಬೆಳ್ಳಗಾಯಿತು. ಆಮೇಲೆ ಬಂದ ನೋವಿಗೆ ಗ್ಯಾನಮ್ಮ ಬೀರಲಿಂಗನ ವಂಶವನ್ನೆಲ್ಲ ಹೆಸರು ಹಿಡಿದು ಬೈದಳು. ಮನೆಗೆ ಬಂದ ಮೇಲೆ ಗುಳ್ಳೆ ಎದ್ದು, ಒಡೆದು, ರಕ್ತದ ನೀರು ದಿಂಬಿಗೆ ಇಳಿಯಿತು. ಮುಂದಿನ ತಿಂಗಳು ಮತ್ತೆ ಹೋದಳು. ಅದರ ಮುಂದಿನ ತಿಂಗಳೂ ಹೋದಳು. ಬೈಗುಳ ಮುಗಿಯುವ ಮೊದಲೇ ಗಂಟು ಮುಗಿಯಿತು.

ಸಂತೆಯ ದಿನ ಬೀರಲಿಂಗ ಬಂಡಿಗೆ ನುಗ್ಗಿದ. ಅವಳ ಜಡೆಯನ್ನು ಮುಂಗೈಗೆ ಸುತ್ತಿ, ತಲೆಯನ್ನು ಹಲಗೆಗೆ ಒತ್ತಿ ಹಿಡಿದು ಕೂಗಿದ: “ನೋಡ್ರಲೇ ನನ್ನ ಗುರುತು!”

ಜನ ಬಗ್ಗಿ ನೋಡಿದರು. ಕಿವಿಯ ಕೆಳಗೆ ಹಿಟ್ಟು ಒರೆಸಿದಂಥ ಬಿಳಿ ಮಚ್ಚೆಯಿತ್ತು, ಅಷ್ಟೇ. ಬೀರಲಿಂಗ ಎಡಬಲ ತಪ್ಪಿತೇನೋ ಎಂದು ಬಲಗಿವಿಯನ್ನೂ ತಿರುವಿದ.

“ಯಾವ ಕುರಿ ಕಳಕೊಂಡ್ಯೋ ತಮ್ಮಾ?” ಎಂದು ಯಾರೋ ಕೇಳಿದರು. ಸಂತೆಗೆ ಸಂತೆಯೇ ನಕ್ಕಿತು.

ಅವನು ಅವಳ ಹಣೆಯನ್ನು ಹಲಗೆಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ರಕ್ತ ಕಣ್ಣಿಗಿಳಿದು ಏನೂ ಕಾಣದಿದ್ದರೂ, ನಿತ್ಯ ಮಿರ್ಚಿ ಕರಿಯುವ ಕೈಗೆ ಕಣ್ಣು ಬೇಕಿರಲಿಲ್ಲ. ಕುದಿಯುವ ಎಣ್ಣೆಯಲ್ಲಿದ್ದ ತೂತಿನ ಸೌಟು ಎದ್ದು ಅವನ ಕೆನ್ನೆಗೆ ಅಂಟಿತು. ಹಿಟ್ಟು ಎಣ್ಣೆಗೆ ಬಿದ್ದಂಥದೇ ಸದ್ದು. ಜಡೆ ಬಿಟ್ಟ ಕೈ ಮುಖ ಹಿಡಿಯಿತು.

ಲಿಂಗಸುಗೂರಿನ ಕೋರ್ಟು ಅವನ ಜಾಮೀನು ರದ್ದು ಮಾಡಿತು. ಮುಂದೆ ಒಂದು ತಾರೀಖಿನ ದಿನ ಪೊಲೀಸರ ನಡುವೆ ಬಂದವನ ಕೆನ್ನೆ ನೋಡಿ ಮೀರಾಬಿ ಬಳೆಗಳೆಲ್ಲ ಕುಣಿಯುವಂತೆ ಚಪ್ಪಾಳೆ ತಟ್ಟಿದಳು. ತೂತುತೂತಿನ ಗುರುತು ಉಬ್ಬಿ, ಮಿರಿಮಿರಿ ಮಿಂಚುತ್ತಿತ್ತು.

“ಗುರುತು ನೋಡಿದ್ರ ಈಗ ನೀನss ಈಕಿ ಮಾಲು ಆದ್ಯಲ್ಲೋ ಭಾಡ್ಯಾ!”

ಗ್ಯಾನಮ್ಮ ನಕ್ಕಳು. ಅಂದು ಹಟ್ಟಿಯಲ್ಲಿ ನಕ್ಕದ್ದಕ್ಕಿಂತ ಜೋರಾಗಿಯೇ ನಕ್ಕಳು.

“ಯಾರರ ಹೊಡಕೊಂಡು ಬಂದು ನಮ್ಮನಿ ಮುಂದ ಬಿಟ್ಟಾರು, ಸುಮ್ಕಿರಬೇ ಅಕ್ಕಾ. ಈ ಕುರಿ ನನಗ ಬ್ಯಾಡ.”