ಬೋಟಿನ ಕೆಂಪು ದಾರ

ನನ್ನ ಗಂಡ ನನ್ನ ಕಣ್ಣೆದುರಿಗೆ ಮೊದಲ ಸಲ ಒಬ್ಬನನ್ನು ಹೊಡೆದದ್ದು ನಮ್ಮ ಮದುವೆಯಾದ ವರ್ಷ, ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹೊರಗೆ. ಒಬ್ಬ ಟೆಂಪೋದವನು ನಮ್ಮ ಮೋಟರ್‌ಸೈಕಲ್ಲಿಗೆ ಅಡ್ಡ ಬಂದ, ಅಷ್ಟೇ. ಇವರು ಗಾಡಿಗೆ ಸ್ಟ್ಯಾಂಡ್ ಹಾಕಿದರು. ನನ್ನನ್ನು ಬಹಳ ಮರ್ಯಾದೆಯಿಂದ ಪಕ್ಕಕ್ಕೆ ನಿಲ್ಲಿಸಿದರು. ಆಮೇಲೆ ಟೆಂಪೋದ ಬಾಗಿಲು ತೆಗೆದು ಅವನ ಅಂಗಿಯ ಕಾಲರ್ ಹಿಡಿದು ಕೆಳಗೆ ಎಳೆದು ಬಾಯಿಗೆ ಗುದ್ದಿದರು. ಅವನ ತುಟಿ ಸೀಳಿ ರಕ್ತ ಗದ್ದದಿಂದ ಇಳಿಯಿತು. ನಾನು ಹಸಿರು ಬಳೆ ತೊಟ್ಟ ಹೊಸ ಮದುಮಗಳು, ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ. ಮನೆಗೆ ಬಂದು ಕೈ ತೊಳೆದು, ನನಗೆ ಹೊಟ್ಟೆತುಂಬ ಊಟ ಮಾಡು ಅಂತ ಅವರೇ ಬಡಿಸಿದರು.

ಹೀಗೇ ಇವರು. ಮನೆಯಲ್ಲಿ ದನಿ ಎತ್ತುವವರಲ್ಲ, ನನ್ನ ಮೇಲೆ ಕೈ ಮಾಡಿದವರಲ್ಲ. ಆದರೆ ರಸ್ತೆಯಲ್ಲಿ ಯಾರಾದರೂ ಅಡ್ಡ ಬಂದರೆ ಮೈಮೇಲೆ ಏನೋ ಬಂದವರಂತೆ ಆಗುತ್ತಾರೆ. ಎಷ್ಟು ಕನ್ನಡಿ ಒಡೆದರೋ, ಎಷ್ಟು ಸಲ ಹೊಡೆಸಿಕೊಂಡು ಬಂದರೋ ಲೆಕ್ಕವಿಟ್ಟಿಲ್ಲ. ಸಂಪಗಾಂವದ ಹತ್ತಿರ ಒಬ್ಬ ಲಾರಿಯವನು ಇವರ ಪಕ್ಕೆಲುಬು ಮುರಿದ. ಇವರು ಅವನ ಲಾರಿಯ ಗಾಜು ಪುಡಿ ಮಾಡಿದ ಮೇಲೆ. ನಾನೂ ಏನು ಬಾಯಿಲ್ಲದ ಹಸುವಲ್ಲ. ನಮ್ಮದು ಟ್ರ್ಯಾಕ್ಟರ್ ಟ್ರೇಲರ್ ತಯಾರಿಸುವ ವೆಲ್ಡಿಂಗ್ ಅಂಗಡಿ. ಹಿಂದೆ ಇವರು ಕಬ್ಬಿಣ ಬಡಿಯುತ್ತಾರೆ, ಮುಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಜೊತೆ ಜಗಳಾಡುವವಳು ನಾನು. ಆದರೂ ಇವರ ಪಕ್ಕದಲ್ಲಿ ಕಾರಿನಲ್ಲಿ ಕೂತಾಗಲೆಲ್ಲ ನಾನು ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದೇ ಇರುತ್ತಿದ್ದೆ. ಒಂದು ದಿನ ಇವರು ಯಾರನ್ನೋ ಕೊಂದು ಬರುತ್ತಾರೆ, ಇಲ್ಲಾ ಇವರನ್ನೇ ಯಾರೋ ಕೊಲ್ಲುತ್ತಾರೆ ಎಂಬುದು ನನಗೆ ಖಾತ್ರಿಯಾಗಿತ್ತು.

ಮನೆಯ ಹೊರಗೆ ಇವರು ಮನುಷ್ಯರಂತೆ ಇದ್ದದ್ದು ನೀರಿನ ಮೇಲೆ ಮಾತ್ರ. ಅಂಗಡಿಯಲ್ಲಿ ಉಳಿದ ತಗಡಿನಿಂದ ಒಂದು ದೋಣಿ ಬೆಸೆದು, ಅದಕ್ಕೊಂದು ಪುಟ್ಟ ಎಂಜಿನ್ ಕೂಡಿಸಿದ್ದರು. ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ಮುನವಳ್ಳಿಯ ಕಡೆಗೆ ಹರಡಿ ನಿಂತ ಹಿನ್ನೀರಿದೆಯಲ್ಲ, ಶನಿವಾರ ಅಂಗಡಿ ಮುಚ್ಚಿದ ಕೂಡಲೇ ಅಲ್ಲಿಗೆ ಹೋಗುತ್ತಿದ್ದೆವು. ಆ ದೋಣಿಯಲ್ಲಿ ಬಿಸಿಲು ತಲೆಯನ್ನು, ತಗಡು ತೊಡೆಯನ್ನು ಸುಡುತ್ತಿತ್ತು. ಆದರೂ ಇವರು ಚುಕ್ಕಾಣಿ ಹಿಡಿದು, ಕೊಕ್ಕರೆ ತೋರಿಸುತ್ತ, ನನ್ನ ಜೊತೆ ಚೇಷ್ಟೆ ಮಾಡುತ್ತ ಇರುತ್ತಿದ್ದರು. ಬುಟ್ಟಿಯಂಥ ದುಂಡು ತೆಪ್ಪಗಳಲ್ಲಿ ಮೀನಿನವರು ಅಡ್ಡ ಬಂದರೂ ಇವರು ಕೈ ಬೀಸಿ ಮುಂದೆ ಹೋಗುತ್ತಿದ್ದರು. ನೀರು ಇವರ ಸಿಟ್ಟನ್ನು ಕುಡಿದುಬಿಡುತ್ತದೆ ಅಂದುಕೊಂಡಿದ್ದೆ ನಾನು.

ಅದಕ್ಕೇ ದೊಡ್ಡ ಬೋಟಿನ ಹುಚ್ಚು ಹತ್ತಿದ್ದು ಇವರಿಗಿಂತ ಮೊದಲು ನನಗೆ. ಸಂಜೆಯಾದರೆ ತಿರುಗಿ ಅದೇ ರಸ್ತೆ, ಅದೇ ಹಾರ್ನು, ಅದೇ ಜಗಳ. ನೀರಿನ ಮೇಲೆಯೇ ಶನಿವಾರ ರಾತ್ರಿ ಕಳೆದು ರವಿವಾರ ನಿಧಾನಕ್ಕೆ ಬರುವಂತಾದರೆ? ಒಳಗೆ ಮಲಗಲು ಜಾಗ ಬೇಕು, ಹೆಂಗಸಿಗೆ ಬೇಕಾದ ಒಂದು ಮರೆ ಬೇಕು. ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಸಮುದ್ರದ ನೀರು ಒಳಗೆ ಚಾಚಿದ ಗೋವಾದ ಖಾಡಿಗಳಲ್ಲಿ ಬಳಸಿದ ಬೋಟು ಮಾರುವವರಿದ್ದಾರೆ ಅಂತ ತಿಳಿಯಿತು. ಹಿನ್ನೀರಿಗೆ ಬೇಕಾದ ಪರವಾನಗಿಗೆ ಅಲೆದದ್ದು ಬೇರೆಯೇ ಕಥೆ, ಅದನ್ನು ಬಿಡುತ್ತೇನೆ.

ಬೋಟು ನೋಡಲು ಹೊರಟ ದಿನ ಚೋರ್ಲಾ ಘಾಟಿನಲ್ಲೇ ಒಂದು ಹೊಡೆದಾಟವಾಯಿತು. ತಿರುವಿನಲ್ಲಿ ಒಂದು ಜೀಪು ನಮ್ಮ ಕಾರನ್ನು ಉಜ್ಜಿಕೊಂಡು ಮುಂದೆ ಹೋಯಿತು. ಇವರು ಅದನ್ನು ಬೆನ್ನಟ್ಟಿ, ಅಡ್ಡಗಟ್ಟಿ, ಗಾಲಿ ಬಿಚ್ಚುವ ಕಬ್ಬಿಣದ ಪಾನಾ ತೆಗೆದುಕೊಂಡು ಇಳಿದರು. ಮೊದಲ ಏಟಿಗೆ ಜೀಪಿನ ದೀಪ ಹೋಯಿತು. ಒಳಗಿದ್ದ ಮೂವರು ಇಳಿದು ಇವರನ್ನು ಕೆಡವಿ ಒದೆಯತೊಡಗಿದರು. ಹುಬ್ಬು ಹರಿದು ಇವರ ಮುಖ ರಕ್ತದಿಂದ ಒದ್ದೆಯಾಯಿತು. ನನಗೆ ಕೈಗೆ ಸಿಕ್ಕಿದ್ದು ಬುತ್ತಿ ಡಬ್ಬಿ. ಸ್ಟೀಲಿನದು, ತುಂಬಿದ್ದು. ಅದನ್ನು ಬೀಸಿ ಒಬ್ಬನ ಬೆನ್ನಿಗೆ ಹಾಕಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ ಎಲ್ಲ ಘಾಟಿನ ಡಾಂಬರಿನ ಮೇಲೆ ಚೆಲ್ಲಿತು. ಹೆಂಗಸಿನ ಮೇಲೆ ಹೇಗೆ ಕೈ ಮಾಡುವುದು ಅಂತ ಅವರು ಬೈಯುತ್ತ ಜೀಪು ಹತ್ತಿದರು. ನಾನು ಇವರ ಹುಬ್ಬಿಗೆ ಕರವಸ್ತ್ರ ಒತ್ತಿ ಹಿಡಿದು ಅಂದೆ, “ಬೋಟ ನೋಡಾಕ ಹೊಂಟೇವೋ, ಹೆಣ ಆಗಾಕ ಹೊಂಟೇವೋ, ಮೊದಲ ಹೇಳ್ರಿ.”

“ಅಂವ ಅಡ್ಡ ಬಂದ,” ಅಂದರು ಇವರು. ಅವರಿಗೆ ಅದೇ ಪೂರ್ತಿ ಉತ್ತರ.

ಮಾರುವವನು ಅಚ್ಚುಕಟ್ಟಾದ ಮಾತಿನ ಗೋವಾದ ಮನುಷ್ಯ. ನಾವೂ ಅವನೂ ಮರಾಠಿಯಲ್ಲಿ ವ್ಯವಹರಿಸಿದೆವು. ಇವರ ಹುಬ್ಬಿನ ಪಟ್ಟಿ ನೋಡಿಯೂ ನೋಡದವನಂತೆ ಮೂರು ಬೋಟು ತೋರಿಸಿದ. ಇವರು ನೇರವಾಗಿ ಎಂಜಿನ್ನಿಗೆ ಹೋದರು. ಟ್ರ್ಯಾಕ್ಟರಿನ ಲೆಕ್ಕವೇ ಇವರದು, ಎಷ್ಟು ಹಾರ್ಸ್‌ಪವರ್ ಅಷ್ಟು ಗಂಡಸ್ತನ. ನಾನು ಬೇರೆ ಥರ ನೋಡಿದೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಗೆಣ್ಣಿನಿಂದ ಬಾರಿಸಿ ನೋಡುತ್ತೇವಲ್ಲ, ಹಾಗೆ ಬೋಟಿನ ಮೈಯನ್ನು ಬಾರಿಸುತ್ತ ಸುತ್ತು ಹಾಕಿದೆ. ಮೊದಲನೆಯದು ಭಾರೀ ಚೆಂದ, ಆದರೆ ಎಂಜಿನ್ ಹೊತ್ತ ಹಿಂಬದಿಯ ಹಲಗೆ ‘ದಬ್ ದಬ್’ ಅಂದಿತು. ಒಳಗೆ ನೀರು ಕುಡಿದು ಕೊಳೆತಿತ್ತು. ಎರಡನೆಯದು ಗಟ್ಟಿ, ಒಂದೇ ಎಂಜಿನ್, ಒಳಗೆ ನಮ್ಮ ಮನೆಯ ಮಂಚದಷ್ಟು ಅಗಲದ ಹಾಸಿಗೆ. ಮೂರನೆಯದು ಕರಿಯ ಬಣ್ಣದ್ದು, ಉದ್ದ ಮೂತಿಯದು, ಹಿಂದೆ ಎರಡು ದೊಡ್ಡ ಎಂಜಿನ್. ಎಲ್ಲಿ ಬಾರಿಸಿದರೂ ಗಟ್ಟಿ ಸದ್ದು. ಒಳಗೆ ಇಬ್ಬರು ಒತ್ತಿಕೊಂಡು ಮಲಗುವಷ್ಟು ಜಾಗ, ಮುಚ್ಚಳ ಹಾಕುವ ಒಂದು ಪಾಯಖಾನೆ ಡಬ್ಬಿ. ನಾನು ಒಳಗೆ ಹೋಗಿ ಮಲಗಿ ಕಣ್ಣು ಮುಚ್ಚಿ ನೋಡಿದೆ. ಕಾಲು ಚಾಚಲು ಬರುತ್ತಿತ್ತು.

“ಇದ ನನಗ,” ಅಂದರು ಇವರು ಮೇಲಿನಿಂದ.

ನೀರಿಗೆ ಇಳಿಸಿ ತೋರಿಸುತ್ತೇನೆ ಅಂದ ಮಾರುವವನು. ಹೊರಡುವ ಮೊದಲು ಸುರುಳಿ ಸುತ್ತಿದ ಒಂದು ಕೆಂಪು ದಾರವನ್ನು ಇವರ ಮಣಿಕಟ್ಟಿಗೆ ಹಾಕಿದ. ಇನ್ನೊಂದು ತುದಿ ಚಾವಿಯ ಪಕ್ಕದ ಗುಂಡಿಗೆ ಸಿಕ್ಕಿಸಿತ್ತು. ಓಡಿಸುವವನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ತಾನೇ ಸಾಯುತ್ತದೆ, ಇಲ್ಲವಾದರೆ ಖಾಲಿ ಬೋಟು ಸುತ್ತಿ ಬಂದು ಬಿದ್ದವನನ್ನೇ ಕತ್ತರಿಸುತ್ತದೆ ಅಂತ ಹೇಳಿದ.

ಖಾಡಿ ಅಗಲವಾದ ಕಡೆ ಇವರು ವೇಗ ಏರಿಸುವ ಹಿಡಿಯನ್ನು ಮುಂದಕ್ಕೆ ತಳ್ಳಿದರು. ಬೋಟಿನ ಮೂತಿ ಎದ್ದಿತು, ಆಮೇಲೆ ನೀರಿನ ಮೇಲೆ ಬಡಿಯತೊಡಗಿತು. ಒಂದೊಂದು ಅಲೆಗೂ ಬೆನ್ನುಹುರಿಗೆ ಗುದ್ದು. ಗಾಳಿ ನನ್ನ ಸೆರಗನ್ನು ಕಿತ್ತು ಮುಖಕ್ಕೆ ಹೊಡೆಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಇಷ್ಟವಾಯಿತು. ನಾನು ಹುಡುಗಿಯ ಹಾಗೆ ಕಿರುಚಿದೆ, ಇವರು ನನ್ನತ್ತ ನೋಡಿ ನಕ್ಕರು.

ಅಷ್ಟರಲ್ಲಿ ಒಬ್ಬ ಮೀನಿನವನು ತನ್ನ ಸಣ್ಣ ದೋಣಿಯನ್ನು ನಮ್ಮ ಮುಂದೆಯೇ ದಾಟಿಸಿದ. ಇವರು ಚುಕ್ಕಾಣಿಯನ್ನು ಪಕ್ಕಕ್ಕೆ ಎಳೆದರು, ಬೋಟು ಓರೆಯಾಗಿ ಜಾರಿತು, ಮಾರುವವನು ಮಂಡಿಯೂರಿ ಬಿದ್ದ. ದೋಣಿಯವನು ಕೈ ಎತ್ತಿ ಏನೋ ಬೈದ. ಇವರ ನಗು ಎಲ್ಲಿ ಹೋಯಿತೋ. ದವಡೆ ಬಿಗಿಯಿತು, ಹುಬ್ಬಿನ ಪಟ್ಟಿಯಲ್ಲಿ ಹೊಸ ರಕ್ತ ಮೂಡಿತು. ಬೋಟನ್ನು ತಿರುಗಿಸಿ, ಹಿಡಿಯನ್ನು ಪೂರ್ತಿ ತಳ್ಳಿ, ನೆಟ್ಟಗೆ ಅವನ ಮೇಲೆಯೇ ಬಿಟ್ಟರು. ಮಾರುವವನು ಕೂಗುತ್ತಿದ್ದ. ನಾನು ಇವರ ಭುಜಕ್ಕೆ ಗುದ್ದಿದೆ, ತಿರುಗಿ ನೋಡಲಿಲ್ಲ. ದೋಣಿಯವನು ಎದ್ದು ನಿಂತಿದ್ದ. ಅವನ ತೆರೆದ ಬಾಯಿ ನನಗೆ ಕಾಣಿಸಿತು, ಬಾಯೊಳಗಿನ ಎಲೆಯಡಿಕೆಯ ಕೆಂಪೂ ಕಾಣಿಸಿತು. ನಾನು ಇವರ ಮಣಿಕಟ್ಟಿಗೆ ಹಾಕಿದ್ದ ಆ ಕೆಂಪು ದಾರ ಹಿಡಿದು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಳೆದೆ.

ಎಂಜಿನ್ ಸತ್ತಿತು. ಮೂತಿ ನೀರಿಗೆ ಅಪ್ಪಳಿಸಿತು, ನನ್ನ ಗದ್ದ ಎದುರಿನ ಹಲಗೆಗೆ ಬಡಿದು ನಾಲಿಗೆ ಕಚ್ಚಿಕೊಂಡು ಬಾಯಿ ರಕ್ತವಾಯಿತು. ನಾವೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ನಮ್ಮನ್ನೇ ತೋಯಿಸಿ ಮುಂದೆ ಹೋಯಿತು. ದೋಣಿಯವನು ಆ ಅಲೆಯಲ್ಲಿ ಮೇಲೆ ಕೆಳಗೆ ಆಗುತ್ತ, ನಮ್ಮ ಮೂತಿಯಿಂದ ಕೈಯಳತೆಯಲ್ಲಿ, ಅಳುತ್ತಿದ್ದ.

“ಯಾಕ ಜಗ್ಗಿದಿ?” ಅಂತ ಇವರು ಕೂಗಿದರು.

“ಅಂವ ಸಾಯ್ತಿದ್ದ!”

“ಅಡ್ಡ ಬಂದ ಅಂವ!”

“ನೀರಾಗ ಎಲ್ಲಿ ಅಡ್ಡರೀ? ದಾರಿನ ಇಲ್ಲ ಇಲ್ಲೆ!”

ಇವರು ಕೈ ಎತ್ತಿದರು. ನನ್ನ ಮೇಲೆ, ಮೊದಲ ಸಲ. ನಾನು ಬಾಯಿಯ ರಕ್ತವನ್ನು ಇವರ ಕಾಲಬಳಿ ಉಗುಳಿದೆ. “ಹೊಡೀರಿ. ಹೊಡದ ಮ್ಯಾಲೆ ಒಬ್ಬರ ಹೋಗ್ರಿ ಬೈಲಹೊಂಗಲಕ್ಕ. ನಾ ನಿಮ್ಮ ಜೋಡಿ ಇನ್ನ ಯಾವ ಗಾಡ್ಯಾಗೂ ಕೂಡಂಗಿಲ್ಲ.” ಆ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ಆಮೇಲೆ ಕೆಳಗಿಳಿಯಿತು. ಇವರು ಕೂತು, ನೀರು ತೊಟ್ಟಿಕ್ಕುವ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ದಡಕ್ಕೆ ಬರುವ ತನಕ ನನಗೆ ಒಂದೇ ಯೋಚನೆ. ಇಷ್ಟು ವರ್ಷ ನಾನು ನೀರಿಗೆ ಕೈ ಮುಗಿದದ್ದೆಲ್ಲ ದಂಡ. ಇವರನ್ನು ತಣ್ಣಗಿಟ್ಟದ್ದು ಆ ತಗಡಿನ ದೋಣಿಯ ಬಡಕಲು ಎಂಜಿನ್ನು. ಸಿಟ್ಟು ಬಂದರೂ ಅದರಲ್ಲಿ ಕೂತು ಯಾರನ್ನೂ ಹಿಡಿಯಲು ಆಗುತ್ತಿರಲಿಲ್ಲ. ನನ್ನ ಶನಿವಾರದ ಗಂಡ ನನಗೆ ಉಳಿಯಬೇಕಾದರೆ ಈ ಕರಿಯ ಬೋಟು ಬೇಡವೇ ಬೇಡ ಅಂದುಕೊಂಡೆ. ಎರಡನೆಯದನ್ನು ಕೊಳ್ಳೋಣ ಅಂದೆ. ಇವರು ಕರಿಯ ಬೋಟಿನ ಮೈ ಸವರುತ್ತ ಕೂತರು. ಈಗ ದೊಡ್ಡವರಾದ ನಮ್ಮ ಮಕ್ಕಳಿಗೂ ಇವರು ಹಾಗೆ ಕೈಯಾಡಿಸಿದ್ದನ್ನು ನಾನು ಕಂಡಿಲ್ಲ. ನನ್ನ ಮೈಯಲ್ಲೂ ಆ ವೇಗ ಇನ್ನೂ ಇತ್ತು, ಹಾಳಾದದ್ದು.

“ಒಂದ ಮಾತಿಗೆ ಒಪ್ಪತೀರಿ ಅಂದ್ರ ಇದನ್ನ ತಗೋಳೂಣು,” ಅಂದೆ ಕೊನೆಗೆ. “ನಡಸವ್ರು ನೀವ. ದಾರ ನನ್ನ ಕೈಯಾಗ.”

“ಎಮ್ಮಿ ಕಟ್ಟಿದಂಗ ಕಟ್ಟತಿ ಏನ ನನ್ನ?”

“ಹೌದ್ರಿ. ಎಮ್ಮಿ ಆದ್ರ ಹಾಲರ ಕೊಡತಿತ್ತು.”

ಬೋಟು ಬಂತು. ಕಬ್ಬಿನ ಟ್ರೇಲರಿನ ಚಾಸಿಯ ಮೇಲೆ ಇವರೇ ಅದಕ್ಕೊಂದು ಗಾಡಿ ಕಟ್ಟಿದರು. ಸವದತ್ತಿ ಗುಡ್ಡದ ಕೆಳಗೆ ನಿಲ್ಲಿಸಿ ಪೂಜೆ ಮಾಡಿಸಿ, ಬೋಟಿಗೆ ಗಾಲಿ ಇಲ್ಲವಾದ್ದರಿಂದ ಗಾಡಿಯ ಗಾಲಿಗೇ ನಿಂಬೆಹಣ್ಣು ಇಟ್ಟು ಹಾಯಿಸಿದೆವು. ಮುನವಳ್ಳಿಯ ಹತ್ತಿರದ ದಂಡೆಯ ಎರೆಮಣ್ಣು ಮಳೆಗೆ ತೊಯ್ದಿತ್ತು. ಮೊದಲ ದಿನವೇ ಗಾಡಿ ಅಚ್ಚಿನ ತನಕ ಹೂತು, ಎರಡು ಟ್ರ್ಯಾಕ್ಟರ್ ಹಚ್ಚಿ ಎಳೆಸಬೇಕಾಯಿತು. ಒಂದು ಕಬ್ಬಿಣದ ಹಗ್ಗ ತುಂಡಾಗಿ ಸಿಡಿದು ಬೋಟಿನ ಗಾಜನ್ನು ಒಡೆಯಿತು. ಇವರು ಟ್ರ್ಯಾಕ್ಟರಿನವನ ಕಡೆ ಹೆಜ್ಜೆ ಇಟ್ಟರು, ನಾನು ನಡುವೆ ನಿಂತೆ.

ಮುಂದಿನ ಶನಿವಾರಗಳಲ್ಲಿ ನಾನು ದಾರವನ್ನು ಬಹಳ ಸಲ ಎಳೆದೆ. ಮೀನಿನವರು ಬಲೆ ತೇಲಿಸಲು ಕಟ್ಟಿದ ಡಬ್ಬಿಗಳ ಮೇಲೆ ಇವರು ಬೇಕಂತಲೇ ಬೋಟು ಬಿಟ್ಟಾಗ ಎಳೆದೆ, ಒಬ್ಬ ತೆಪ್ಪದವನು ಕಲ್ಲು ತೂರಿದಾಗ ಎಳೆದೆ. ಪ್ರತಿ ಸಲವೂ ಅಲೆ ಬಂದು ತೋಯಿಸುತ್ತಿತ್ತು, ಇವರು ಬೈಯುತ್ತಿದ್ದರು, ನಾನೂ ಬೈಯುತ್ತಿದ್ದೆ. ಆಮೇಲೆ ಒದ್ದೆ ಬಟ್ಟೆ ಬಿಚ್ಚಿ ಹರವಿ, ಸ್ಟೋವಿನ ಮೇಲೆ ಚಹಾ ಮಾಡಿ ಕುಡಿದು, ಆ ಇಕ್ಕಟ್ಟಿನ ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತಿದ್ದೆವು.

ಕಳೆದ ಬೇಸಿಗೆಯ ಒಂದು ಸಂಜೆ, ಬೋಟು ಸುಮ್ಮನೆ ಸಾಗುತ್ತಿದ್ದಾಗ, ನಾನು ಪಕ್ಕದ ಸೀಟಿನಲ್ಲಿ ತೂಕಡಿಸಿದೆ. ದಾರ ಮಣಿಕಟ್ಟಿನಲ್ಲೇ ಇತ್ತು. ನಿದ್ದೆಯಲ್ಲೇ ಎಂಜಿನ್ನಿನ ಸದ್ದು ಏರಿದ್ದು ಕಿವಿಗೆ ಬಿತ್ತು. ಎಚ್ಚರವಾಗುವಷ್ಟರಲ್ಲಿ ನನ್ನ ಕೈಯನ್ನು ಯಾರೋ ಕಿತ್ತುಕೊಂಡಂತಾಯಿತು. ಬಳೆ ಒಡೆದು ಚುಚ್ಚಿ ರಕ್ತ ಚಿಮ್ಮಿತು. ಕಣ್ಣು ಬಿಟ್ಟರೆ ಇವರು ನನ್ನ ಮಣಿಕಟ್ಟಿನ ದಾರವನ್ನು ಮುಷ್ಟಿಯಲ್ಲಿ ಹಿಡಿದಿದ್ದಾರೆ. ಮಲಗಿದಾಗ ನನ್ನಿಂದ ದಾರ ಬಿಡಿಸಿಕೊಂಡು ಯಾರನ್ನೋ ಕೊಲ್ಲಲು ಹೊರಟಿದ್ದಾರೆ ಅನ್ನಿಸಿತು. ಹಿಂದೆ ಮುಂದೆ ನೋಡಲಿಲ್ಲ. ಕೈ ಬೀಸಿ ಇವರ ಕಪಾಳಕ್ಕೆ ಹೊಡೆದೆ. ಆ ಸದ್ದು ದೊಡ್ಡದಾಗಿ ಕೇಳಿಸಿತು. ಆಗ ನನಗೆ ಎಂಜಿನ್ ನಿಂತಿದೆ ಅಂತ ಗೊತ್ತಾಯಿತು.

ಹಿಂದಿನಿಂದ ಅಲೆ ಬಂದು ನಮ್ಮನ್ನು ತೋಯಿಸಿತು. ಎದುರಿಗೆ, ಸ್ವಲ್ಪವೇ ದೂರದಲ್ಲಿ, ಒಂದು ತೆಪ್ಪ ತಿರುಗುತ್ತಿತ್ತು. ಅದರಲ್ಲಿದ್ದವನು ಹುಟ್ಟು ಎತ್ತಿ ಹಿಡಿದು ಇವರ ಅವ್ವನನ್ನು, ಅಕ್ಕನನ್ನು ಹಿಡಿದು ಬೈಯುತ್ತಿದ್ದ. ಇವರು ಅತ್ತ ನೋಡಲೂ ಇಲ್ಲ. ಗುಂಡಿಯಿಂದ ಕಿತ್ತುಬಂದ ದಾರದ ತುದಿಯನ್ನು ನನಗೆ ತೋರಿಸಿದರು.

“ನಾನ ಜಗ್ಗೀನಿ,” ಅಂದರು.

ತೆಪ್ಪದವನು ಬೈಯುವುದು ಮುಗಿಸಿ ಹುಟ್ಟು ಹಾಕುತ್ತ ದೂರ ಹೋದ. ಆಮೇಲೆ ನಾನು ಮಣಿಕಟ್ಟಿನಿಂದ ದಾರ ಬಿಚ್ಚಿ, ಇವರ ಕೈಗೆ ಹಾಕಲು ಹೋದೆ. ಇವರು ಕೈ ಹಿಂದಕ್ಕೆ ಎಳೆದುಕೊಂಡರು.

“ಬ್ಯಾಡ. ನಿನ್ನ ಕೈಯಾಗ ಇರಲಿ. ಇವತ್ತ ಆತು, ನಾಳಿ ಹೆಂಗೋ.”

ನಾನು ಅದನ್ನು ಮತ್ತೆ ನನ್ನ ಕೈಗೇ ಹಾಕಿಕೊಂಡು, ಸೆರಗಿನಿಂದ ಇವರ ಮುಖ ಒರೆಸಿದೆ. ಕೆನ್ನೆಯ ಮೇಲೆ ನನ್ನ ಬೆರಳುಗಳು ಕೆಂಪಗೆ ಮೂಡಿದ್ದವು.