ತೂಕ ಇಲ್ದಿರೋ ಬ್ಯಾಟ್ರಿ

ಬೈಕ್‌ಗೆ ಲಿಥಿಯಂ ಬ್ಯಾಟ್ರಿ ಹಾಕ್ಸ್ಬೋದಾ ಅಂತ ಯಾರಾದ್ರೂ ಕೇಳಿದ್ರೆ ನಂಗೆ ಈಗ್ಲೂ ಮೈ ಉರಿಯುತ್ತೆ. ಕೇಳೋರ್ ಮೇಲಲ್ಲ. ಹಾಕ್ಸು ಅಂದೋನ್ ಮೇಲೆ.

ನನ್ ಕೆಲಸ ರಕ್ತ ಹೊರೋದು. ಆರ್.ಟಿ. ನಗರದ ಸಣ್ಣ ಸಣ್ಣ ಕ್ಲಿನಿಕ್‌ಗಳಲ್ಲಿ ಜನ ಟೆಸ್ಟಿಗೆ ರಕ್ತ ಕೊಡ್ತಾರೆ. ಅದನ್ನ ಐಸ್ ಡಬ್ಬಿಲಿಟ್ಕೊಂಡು ಯಲಹಂಕದ ಲ್ಯಾಬ್‌ಗೆ ಮುಟ್ಟಿಸ್ತೀನಿ. ಓದಿದ್ದು ಎಂಟನೇ ಕ್ಲಾಸು, ಅದೂ ಅರ್ಧ. ಆದ್ರೆ ಒಂದ್ ವಿಷ್ಯ ಗೊತ್ತು. ರಕ್ತ ಕಾಯಲ್ಲ. ಹೊತ್ತಾದ್ರೆ ಕೆಟ್ಟೋಗುತ್ತೆ. ಕೆಟ್ರೆ ಮತ್ತೆ ಚುಚ್ಬೇಕು. ದೊಡ್ಡೋರಾದ್ರೆ ಬೈಕೊಂಡು ಕೈ ಚಾಚ್ತಾರೆ. ಕೂಸುಗಳಿಗೆ ನರಾನೇ ಸಿಗಲ್ಲ.

ಬೈಕು ಸೆಕೆಂಡ್ ಹ್ಯಾಂಡು. ಕಿಕ್ಕರ್ ಇಲ್ಲ, ಸೆಲ್ಫ್ ಸ್ಟಾರ್ಟ್ ಒಂದೇ. ಬ್ಯಾಟ್ರಿ ಹಳೇದಾಗಿ ದಿನಾ ಬೆಳಗ್ಗೆ ಸತಾಯಿಸ್ತಿತ್ತು. ಗೊರಗುಂಟೆಪಾಳ್ಯದಲ್ಲಿ ನನ್ ಫ್ರೆಂಡ್ ಒಬ್ಬ ಬೈಕ್ ಸಾಮಾನಿನ ಅಂಗಡೀಲಿದ್ದಾನೆ. ಒಂದೇ ಬೀದೀಲಿ ಬೆಳೆದೋರು ನಾವು. ಅವನ ಹತ್ರನೇ ಹೋದೆ.

ನನ್ ಒಂದ್ ಕೈಲಿ ಮಾಮೂಲಿ ಬ್ಯಾಟ್ರಿ ಇಟ್ಟ, ಇನ್ನೊಂದ್ ಕೈಲಿ ಲಿಥಿಯಂ.

"ನೋಡು ಮಗಾ. ಹತ್ತಿ ಹಿಡ್ಕೊಂಡಂಗಿಲ್ವಾ?"

"ಹಗುರ ಆದ್ರೆ ನಂಗೇನೋ ಬಂತು?"

"ಬೈಕ್ ಹಗುರ ಆದ್ರೆ ಪಿಕಪ್ ಬರುತ್ತೆ, ಮೈಲೇಜ್ ಬರುತ್ತೆ. ನೀರ್ ಹಾಕೋ ಗೋಳಿಲ್ಲ. ವರ್ಷಗಟ್ಲೆ ಅದ್ರ ಕಡೆ ತಿರುಗಿ ನೋಡ್ಬೇಡ. ರೇಸ್ ಬೈಕ್‌ಗೆಲ್ಲಾ ಇದೇ."

"ನಾನೆಲ್ಲೋ ರೇಸ್ ಓಡಿಸ್ಲಿ, ಹೆಬ್ಬಾಳದಲ್ಲಾ?"

"ಹೆಬ್ಬಾಳದಲ್ಲಿ ಆಂಬುಲೆನ್ಸೇ ಓಡಲ್ಲ, ಇನ್ನು ನೀನೆಲ್ಲಿ. ಸುಮ್ನೆ ಹಾಕ್ಸೋ."

ಮಾಮೂಲಿದ್ರ ಮೂರ್ ಪಟ್ಟು ರೇಟು. ಹಾಕ್ಸಿದೆ.

ಸುಳ್ಳ್ಯಾಕೆ, ಮೊದ್ಮೊದ್ಲು ಚೆನ್ನಾಗೇ ಇತ್ತು. ಬೆರಳಿಟ್ರೆ ಸ್ಟಾರ್ಟು. ಪಿಕಪ್ಪು, ಮೈಲೇಜು ಮಾತ್ರ ಎಳ್ಳಷ್ಟೂ ಬದಲಾಗ್ಲಿಲ್ಲ. ಮೇಲೆ ಕೂತಿರೋ ನಾನೇ ಎಪ್ಪತ್ತು ಕೆಜಿ, ಹಿಂದೆ ಐಸ್ ತುಂಬಿದ ಡಬ್ಬಿ. ಬೆಳಗ್ಗೆ ಎರಡು ಪ್ಲೇಟ್ ಇಡ್ಲಿ ಹೊಡೆದ್ರೆ ಬ್ಯಾಟ್ರೀಲಿ ಉಳಿಸಿದ ತೂಕ ಹೊಟ್ಟೇಲಿ ವಾಪಸ್ಸು. ಇದು ನಂಗೆ ಅಂಗಡೀಲೇ ಹೊಳೀಬೇಕಿತ್ತು.

ಅವತ್ತು ಕ್ಲಿನಿಕ್‌ನಲ್ಲಿ ಒಂದ್ ಕೂಸು. ಇನ್ನೂ ಅಂಬೆಗಾಲಿಡದ ಮಗು. ಜ್ವರ ಇಳೀತಿಲ್ಲ ಅಂತ ಡಾಕ್ಟ್ರು ರಕ್ತ ಟೆಸ್ಟ್ ಬರೆದಿದ್ರು. ಅಲ್ಲಿನ ಸಿಸ್ಟರ್ ಕೈ ತುಂಬಾ ಹಗುರ, ಚುಚ್ಚಿದ್ದೇ ಗೊತ್ತಾಗಲ್ಲ ಅಂತಾರೆ ಜನ. ಅವ್ರಿಗೇ ನರ ಸಿಗ್ಲಿಲ್ಲ. ಹುಡುಕಿ ಹುಡುಕಿ ಚುಚ್ಚಿದ್ರು. ಮಗು ಅತ್ತಿದ್ದು ಬೀದಿಗೆ ಕೇಳಿಸ್ತು. ಕೊನೆಗೆ ಸಿಸ್ಟರ್ ಹಣೆ ಒರೆಸ್ಕೊಂಡು ಬಂದು ಟ್ಯೂಬ್ ಕೈಗಿಟ್ರು.

"ಹುಷಾರು ಕಣೋ. ಇಷ್ಟು ಸಿಗೋಷ್ಟರಲ್ಲಿ ನನ್ ಜೀವ ಹೋಯ್ತು."

ಮಗು ತಾಯಿ ಬಾಗಿಲವರೆಗೂ ಬಂದ್ರು. "ಬೇಗ ಹೋಗಿ ಅಣ್ಣ" ಅಂದ್ರು.

ಹೆಬ್ಬಾಳ ಫ್ಲೈಓವರ್ ಕೆಳಗೆ ಜಾಮು. ಅಲ್ಲಿ ಎಲ್ರೂ ಇಂಜಿನ್ ಆಫ್ ಮಾಡ್ತಾರೆ, ನಾನೂ ಮಾಡಿದೆ. ಮುಂದಿನ ಗಾಡಿ ಜರುಗ್ತು. ಸೆಲ್ಫ್ ಒತ್ತಿದೆ. ಏನೂ ಇಲ್ಲ. ಮೀಟರ್‌ನಲ್ಲಿ ಲೈಟಿಲ್ಲ, ಹಾರ್ನ್ ಇಲ್ಲ. ಪೂರ್ತಿ ಹೆಣ.

ಮಾಮೂಲಿ ಬ್ಯಾಟ್ರಿ ಸಾಯೋಕ್ ಮುಂಚೆ ಹೇಳುತ್ತೆ. ಹಾರ್ನ್ ಗಂಟ್ಲು ಕಟ್ಟುತ್ತೆ, ಲೈಟ್ ಮಂಕಾಗುತ್ತೆ, ಸೆಲ್ಫ್ ಮುಕ್ಕರಿಯುತ್ತೆ. ನಾಲ್ಕ್ ದಿನ ಮುಂಚೆನೇ ಗೊತ್ತಾಗುತ್ತೆ ಇದ್ರ ಕಥೆ ಮುಗೀತು ಅಂತ. ಈ ಲಿಥಿಯಂ ಹಂಗಲ್ಲ. ಈಗ ಇತ್ತು, ಈಗ ಇಲ್ಲ.

ಹಿಂದೆ ಆಟೋದೋನು ತಲೆ ಹೊರಗೆ ಹಾಕ್ದ. "ಏನ್ ಗುರು, ಫ್ಲೈಓವರ್ ಕೆಳಗೆ ಸೈಟ್ ತಗೊಂಡಿದ್ಯಾ?"

"ಸ್ಟಾರ್ಟ್ ಆಗ್ತಿಲ್ಲ ಕಣಣ್ಣ."

"ತಳ್ಳು, ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಡು."

ಅವನೂ ಇಳಿದು ತಳ್ದ, ಪಾಪ. ಎಷ್ಟೇ ಸೊರಗಿದ ಬ್ಯಾಟ್ರಿ ಆದ್ರೂ ತಳ್ಳಿದ್ರೆ ಒಂಚೂರು ಉಸಿರು ಬರುತ್ತೆ. ಇದಕ್ಕೆ ಬರ್ಲಿಲ್ಲ. ಬೈಕ್‌ನ ಹೆಬ್ಬಾಳ ಕೆರೆ ಪಕ್ಕ ಬೀಗ ಹಾಕಿ ನಿಲ್ಲಿಸಿ, ಡಬ್ಬಿ ಹೆಗಲಿಗೇರಿಸ್ಕೊಂಡು ಬಸ್ಸಿಗೆ ಓಡಿದೆ. ಬಸ್ಸೂ ಅದೇ ಜಾಮ್‌ನಲ್ಲಿ ನಿಂತ್ಕೊಳ್ತು. ಐಸ್ ಕರಗಿ ನೀರು ನನ್ ಪ್ಯಾಂಟ್ ಮೇಲೆ ಸೋರ್ತಿತ್ತು.

ಲ್ಯಾಬ್‌ನಲ್ಲಿರೋ ಹುಡುಗಿ ಟ್ಯೂಬನ್ನ ಬೆಳಕಿಗೆ ಹಿಡಿದು ನೋಡಿದ್ಲು. "ಇದಾಗಲ್ಲ. ಕೆಟ್ಟೋಗಿದೆ. ಇನ್ನೊಂದ್ ಸಲ ತೆಗೆಸಿ."

ಫ್ರೆಂಡ್‌ಗೆ ಫೋನ್ ಮಾಡ್ದೆ. ನಿನ್ ಬೈಕ್ ತಗೊಂಡು ಆರ್.ಟಿ. ನಗರದ ಕ್ಲಿನಿಕ್ ಹತ್ರ ಬಾ, ಮಾತಾಡ್ಬೇಡ, ಬಾ ಅಂದೆ. ನಾನ್ ಬಸ್ಸಲ್ಲಿ ವಾಪಸ್ ಹೋದೆ. ಲ್ಯಾಬ್‌ನೋರು ಫೋನ್ ಮಾಡಿದ್ರಂತೆ, ಸಿಸ್ಟರ್ ಆಗ್ಲೇ ತಾಯೀನ ಕರೆಸಿದ್ರು. ಮಗು ನಿದ್ದೆ ಹೋಗಿತ್ತು. ಈಗ ಅದನ್ನ ಎಬ್ಬಿಸ್ಬೇಕು.

ಆ ತಾಯಿ ನನ್ ಡಬ್ಬಿ ನೋಡಿದ್ರು, ಆಮೇಲೆ ನನ್ ಮುಖ. "ನಮ್ ಮಗು ರಕ್ತ ನಿಮ್ಗೆ ಅಷ್ಟ್ ಹಗುರ ಆಯ್ತಾ?"

ಈ ಸಲ ಅಣ್ಣ ಅನ್ಲಿಲ್ಲ. ನಾನ್ ಬ್ಯಾಟ್ರಿ ಕಥೆ ಹೇಳೋಕೆ ಬಾಯ್ ತೆಗೆದೆ. ಬ್ಯಾಟ್ರಿ ಅಂತೆ. ಯಾರಿಗ್ ಬೇಕು? ಹೊರಗೆ ಬಂದೆ. ಒಳಗೆ ಮಗು ಮತ್ತೆ ಶುರು ಮಾಡ್ತು.

ಫ್ರೆಂಡ್ ಬಂದಿದ್ದ. ಬೈಕ್ ಮೇಲೆ ಕೂತೇ ವಿವರಣೆ ಕೊಟ್ಟ. "ನಿನ್ ಗಾಡಿ ರೆಗ್ಯುಲೇಟರ್ ಹೋಗಿರ್ಬೇಕು ಮಗಾ. ಬ್ಯಾಟ್ರಿಗೆ ಕರೆಂಟ್ ಜಾಸ್ತಿ ಬಿಟ್ಟಿದೆ. ಅದಕ್ಕೆ ಬ್ಯಾಟ್ರಿ ತಾನೇ ಆಫ್ ಆಗಿದೆ, ಸೇಫ್ಟಿಗೆ."

"ಯಾರ್ ಸೇಫ್ಟಿಗೆ?"

"ಬ್ಯಾಟ್ರಿ ಸೇಫ್ಟಿಗೆ."

"ಹಾಕೋ ಮುಂಚೆ ಯಾಕ್ ಚೆಕ್ ಮಾಡ್ಲಿಲ್ಲ?"

"ನೀನ್ ಕೇಳ್ಲಿಲ್ವಲ್ಲೋ."

ನಂಗೆ ಆಗ ಒಂದ್ ಡೌಟ್ ಬಂತು. "ನಿನ್ ಬೈಕ್‌ಗೆ ಯಾವ್ ಬ್ಯಾಟ್ರಿ ಇದೆ?"

ಅವ್ನು ಹ್ಯಾಂಡಲ್ ನೋಡ್ದ. "ಮಾಮೂಲಿದು."

"ಯಾಕೆ?"

"ನಂದು ದಿನಾ ಓಡೋ ಗಾಡಿ ಮಗಾ."

ಕಪಾಳಕ್ಕೆ ಒಂದ್ ಬಿಡ್ಬೇಕು ಅನ್ನಿಸ್ತು. ನಂದೇನ್ ಶೋಕೇಸ್‌ನಲ್ಲಿಡೋ ಗಾಡಿನಾ? ಅಷ್ಟರಲ್ಲಿ ಸಿಸ್ಟರ್ ಟ್ಯೂಬ್ ತಂದ್ರು. ಹೊಡೆಯೋಕೆ ಟೈಮ್ ಇರ್ಲಿಲ್ಲ. "ಇಳಿಯೋ ಕೆಳಗೆ" ಅಂದು ಕೀ ಕಿತ್ಕೊಂಡು ಹೊರಟೆ. ದಾರಿ ಪೂರ್ತಿ ಬೈಯ್ತಾ ಹೋದೆ, ಹೆಲ್ಮೆಟ್ ಒಳಗೇ. ಹೆಬ್ಬಾಳದಲ್ಲಿ ಇಂಜಿನ್ ಆಫ್ ಮಾಡ್ಲೇ ಇಲ್ಲ. ಈ ಸಲ ರಕ್ತ ಸರಿಯಾದ್ ಹೊತ್ತಿಗೆ ಮುಟ್ತು.

ಆಮೇಲೆ ನನ್ ಬೈಕ್ ಎತ್ತಿಸ್ಕೊಂಡು ಬಂದು ರೆಗ್ಯುಲೇಟರ್ ಬದಲಾಯಿಸಿದೆ. ಫ್ರೆಂಡ್ ಅಂಗಡಿಗೆ ಹೋಗ್ಲಿಲ್ಲ. ಯಶವಂತಪುರದಲ್ಲಿ ಒಂದ್ ಹಳೇ ಬ್ಯಾಟ್ರಿ ಅಂಗಡಿ ಇದೆ, ಅಲ್ಲಿ ಮಾಮೂಲಿ ಬ್ಯಾಟ್ರಿ ತಗೊಂಡೆ. ಅಲ್ಲಿ ಹಳೇ ಬ್ಯಾಟ್ರಿ ಕೊಟ್ರೆ ಒಳಗಿರೋ ಸೀಸಕ್ಕೆ ತೂಕ ಹಾಕಿ ಹೊಸದ್ರ ರೇಟಲ್ಲಿ ಒಂದಿಷ್ಟು ಕಳೀತಾರೆ. ನಾನ್ ಲಿಥಿಯಂನ ತಕ್ಕಡಿ ಮೇಲಿಟ್ಟೆ. ಅಂಗಡಿ ಯಜಮಾನ ಒಂದ್ಸಲ ನೋಡಿ ಎತ್ತಿ ವಾಪಸ್ ಕೊಟ್ರು.

"ಇದ್ರಲ್ಲಿ ಸೀಸ ಇಲ್ಲ ಕಣಪ್ಪ. ನಮ್ಮಲ್ಲಿ ತೂಕಕ್ಕೇ ಬೆಲೆ. ತಗೊಂಡೋಗು."

ಹಗುರ ಅಂತ ಮೂರ್ ಪಟ್ಟು ಕೊಟ್ಟೆ. ಹಗುರ ಅಂತ ಒಂದ್ ಪೈಸೆ ವಾಪಸ್ ಬರ್ಲಿಲ್ಲ.

ಭಾನುವಾರ ಬೆಳಗ್ಗೆ ದೊಡ್ಡ ಬೈಕಲ್ಲಿ ನಂದಿ ಬೆಟ್ಟಕ್ಕೆ ಹೋಗೋರು ಹಾಕ್ಸ್ಕೊಳ್ಳಿ. ಅವ್ರ ಗಾಡಿಲಿ ಎಲ್ಲಾ ಸರಿ ಇರುತ್ತೆ, ದಾರೀಲಿ ನಿಂತ್ರೆ ಫೋಟೋ ತಗೋತಾರೆ. ಹಳೇ ಗಾಡಿ ಓಡ್ಸಿ ಹೊಟ್ಟೆ ಹೊರೆಯೋರಿಗೆ ಇದು ಬೇಡ. ಯಾರ್ ಏನೇ ಅನ್ಲಿ, ಬೇಡ.

ಸ್ವಲ್ಪ ದಿನ ಆದ್ಮೇಲೆ ಅದೇ ಕ್ಲಿನಿಕ್‌ಗೆ ಹೋಗಿದ್ದೆ. ಆ ತಾಯಿ ಮಗೂನ ತೋರಿಸೋಕ್ ಬಂದಿದ್ರು. ಜ್ವರ ಬಿಟ್ಟಿತ್ತು, ಸಿಸ್ಟರ್ ಹೇಳಿದ್ರು. ಎರಡೂ ಕೈ ಮೇಲೆ ಚುಚ್ಚಿದ್ ಕಡೆ ಇನ್ನೂ ಹಸಿರುಗಟ್ಟಿತ್ತು. ನನ್ ಡಬ್ಬಿ ಕಂಡಿದ್ದೇ ಆಯಮ್ಮ ಮಗೂನ ಆ ಕಡೆ ಹೆಗಲಿಗೆ ಬದಲಾಯಿಸ್ಕೊಂಡ್ರು. ಈ ಸಲ ನಾನ್ ಬಂದಿದ್ದು ಬೇರೆಯೋರ ರಕ್ತಕ್ಕೆ. ಟ್ಯೂಬ್ ಡಬ್ಬಿಗಿಟ್ಕೊಂಡು ಹೊರಟೆ.