ಜಗನ್ನಾಥ ಬರೆದುಕೊಟ್ಟ ಅರ್ಜಿ

ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡದವರಲ್ಲಿ ಯಾವ ಕೆಲಸಕ್ಕೂ ಬಾರದ ಡಾಕ್ಟರು ಎಂದರೆ ಜಗನ್ನಾಥನೊಬ್ಬನೇ. ಹಾಗೆಂದು ಅವನೇ ಹೇಳಿಕೊಂಡು ನಗುತ್ತಿದ್ದ. ಬೇರೆಯವರು ಹೇಳುವ ಮೊದಲು ತಾನೇ ಹೇಳಿಬಿಟ್ಟರೆ ಅಷ್ಟಾಗಿ ನೋಯುವುದಿಲ್ಲವಲ್ಲ. ಉಳಿದವರೆಲ್ಲ ಎಂಜಿನಿಯರುಗಳು, ಇಲ್ಲವೇ ನಾಡಿ ನೋಡುವ ಡಾಕ್ಟರುಗಳು. ಇವನು ಅಮೆರಿಕದ ಇತಿಹಾಸದಲ್ಲಿ ಡಾಕ್ಟರು. ಅಮೆರಿಕದವರಿಗೆ ಅಮೆರಿಕದ ಕಥೆ ಹೇಳಿಕೊಡುತ್ತೇನೆಂದು ಮೈಸೂರಿನಿಂದ ಹೊರಟ ಮನುಷ್ಯನಿಗೆ ಯಾರು ತಾನೇ ಹೆಣ್ಣು ಕೊಡುತ್ತಿದ್ದರು? ಪುಣ್ಯಕ್ಕೆ ಮದುವೆ ಮೊದಲೇ ಆಗಿತ್ತು. ಹೆಂಡತಿ ಪದ್ಮಜಾ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಮನೆ ನಡೆಯುತ್ತಿದ್ದದ್ದು ಅವಳಿಂದ.

ಜಗನ್ನಾಥನ ತಂದೆ ಮೈಸೂರಿನಲ್ಲಿ ಕಚೇರಿಯ ಎದುರು ಕೂತು ಅರ್ಜಿ ಬರೆದುಕೊಡುತ್ತಿದ್ದವರು. ಅರ್ಜಿದಾರನ ಹೊಟ್ಟೆಯೊಳಗೆ ಹೊಕ್ಕು ಬರೆಯಬೇಕು, ಸರಿತಪ್ಪು ನೋಡುವುದಕ್ಕೆ ಒಳಗೆ ಅಮಲ್ದಾರರಿದ್ದಾರೆ ಎನ್ನುವುದು ಅವರ ಮಾತು. ಆ ವಿದ್ಯೆ ಮಗನಿಗೂ ಬಂದಿತ್ತು. ಡೆಟ್ರಾಯಿಟ್‌ನಲ್ಲಿ ಯಾವ ಕನ್ನಡದವನಿಗೆ ವೀಸಾ ಕಚೇರಿಗೆ ಪತ್ರ ಬೇಕಾದರೂ, ಬಾಡಿಗೆ ಮನೆಯವನ ಮೇಲೆ ದೂರು ಬೇಕಾದರೂ ಜಗನ್ನಾಥನ ಮನೆಗೆ ಬರುತ್ತಿದ್ದ, ಕಾಫಿ ಕುಡಿಯುತ್ತಿದ್ದ, ಬರೆಸಿಕೊಂಡು ಹೋಗುತ್ತಿದ್ದ. ಮನೆಗೆ ಬಂದು ಕಾಫಿ ಕುಡಿದವರಿಗೆ ಇಲ್ಲ ಎನ್ನುವುದು ಅವರ ಮನೆತನದಲ್ಲೇ ಇರಲಿಲ್ಲ.

ಅವನು ಬಂದದ್ದು ಅರವತ್ತಾರರಲ್ಲಿ. ನಾಲ್ಕು ವರ್ಷ ನಗರದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತು ಒಂದೇ ಒಂದು ಜಗಳವನ್ನು ಓದಿದ. ೧೮೩೨ರಲ್ಲಿ ದಕ್ಷಿಣ ಕೆರೊಲಿನಾ ರಾಜ್ಯ, ವಾಷಿಂಗ್ಟನ್ ಹಾಕಿದ ಆಮದು ಸುಂಕದ ಕಾನೂನು ನಮ್ಮ ಗಡಿಯೊಳಗೆ ನಡೆಯುವುದಿಲ್ಲ, ಅದನ್ನು ರದ್ದು ಮಾಡಿದ್ದೇವೆ ಎಂದು ಸಾರಿತ್ತು. ದೇಶ ದೊಡ್ಡದೋ, ಸೀಮೆ ದೊಡ್ಡದೋ? ಮುಂದೆ ಮೂವತ್ತು ವರ್ಷಕ್ಕೆ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಕೊಂದುಕೊಂಡ ಯುದ್ಧಕ್ಕೆ ಅಲ್ಲೇ ಮೊಳಕೆ. ಜಗನ್ನಾಥ ಆಗಿನ ಕೆರೊಲಿನಾದವರ ಭಾಷಣಗಳನ್ನೆಲ್ಲ ಅರೆದು ಕುಡಿದಿದ್ದ. ಸುಂಕ, ಹಕ್ಕು, ಸ್ವಾತಂತ್ರ್ಯ, ಹಿರಿಯರ ಒಡಂಬಡಿಕೆ ಎಂದು ಆ ಜನ ಬಾಯಿ ಹರಿಯುವಷ್ಟು ಮಾತಾಡಿದರು. ಗುಲಾಮರು ಎಂಬ ಒಂದು ಪದ ಮಾತ್ರ ಆದಷ್ಟೂ ನುಂಗಿಕೊಂಡರು. ನಿಜವಾದ ಭಯ ಇದ್ದದ್ದು ಅದರ ಬಗ್ಗೆಯೇ ಎಂದು ಜಗನ್ನಾಥ ಮುನ್ನೂರು ಪುಟ ಬರೆದ. ಅರವತ್ತೇಳರ ಜುಲೈಯಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದು, ಬೀದಿಗೆ ಸೈನ್ಯ ಬಂದಾಗಲೂ ಅವನು ಕಿಟಕಿ ಮುಚ್ಚಿಕೊಂಡು ೧೮೩೨ರ ಟಿಪ್ಪಣಿ ಮಾಡುತ್ತಿದ್ದ. ಹೊಗೆ ಒಳಗೆ ಬರದಂತೆ ಕಿಟಕಿಯ ಸಂದಿಗೆ ಪದ್ಮಜಾ ಒದ್ದೆ ಟವಲು ತುರುಕಿದ್ದಳು.

ಡಿಗ್ರಿ ಬಂತು, ಕೆಲಸ ಬರಲಿಲ್ಲ. ಅರವತ್ತಕ್ಕೂ ಹೆಚ್ಚು ಕಾಲೇಜುಗಳಿಗೆ ಬರೆದ. ಷಿಕಾಗೋ ಹೊರವಲಯದ ಒಂದೇ ಒಂದು ಕಾಲೇಜು ಕರೆಯಿತು. ಮುನ್ನೂರು ಮೈಲಿ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಹೋದ. ಅಲ್ಲಿನ ಮುಖ್ಯಸ್ಥ ತುಂಬ ಒಳ್ಳೆಯ ಮನುಷ್ಯ. ಊಟ ಹಾಕಿಸಿದ, ಗಾಂಧಿಯ ಬಗ್ಗೆ ಒಂದು ಗಂಟೆ ಕೇಳಿದ. ಕೊನೆಗೆ ನಿಮ್ಮ ದೇಶದ ಇತಿಹಾಸ ಕಲಿಸುವ ಹುದ್ದೆ ತೆರೆದರೆ ಮೊದಲ ಪತ್ರ ನಿಮಗೇ ಎಂದು ಬೆನ್ನು ತಟ್ಟಿ ಕಳಿಸಿದ. ಇವನ ಮುನ್ನೂರು ಪುಟದ ಒಂದು ಹಾಳೆಯನ್ನೂ ತಿರುವಿ ನೋಡಿರಲಿಲ್ಲ.

ಆಮೇಲೆ ಜಗನ್ನಾಥ ಶಾಲಾ ಶಿಕ್ಷಕನ ಸರ್ಟಿಫಿಕೇಟು ಮಾಡಿಕೊಂಡು, ಡೆಟ್ರಾಯಿಟ್ ನಗರದ ಹೈಸ್ಕೂಲುಗಳಲ್ಲಿ ಬದಲಿ ಮೇಷ್ಟ್ರಾದ. ಬೆಳಿಗ್ಗೆ ಆರಕ್ಕೆ ಫೋನ್ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಒಂದು ದಿನ ಅಡುಗೆ ಕ್ಲಾಸು, ಒಂದು ದಿನ ಬಡಗಿ ಕೆಲಸದ ಕ್ಲಾಸು. ಮಕ್ಕಳೆಲ್ಲ ಕಪ್ಪು ಮಕ್ಕಳು. ಇವನ ಹೆಸರು ಕೇಳಿ ನಗುತ್ತಿದ್ದರು, ಇವನೂ ನಗುತ್ತಿದ್ದ. ಅದನ್ನು ಅವನು ಪಾಠ ಹೇಳುವುದು ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ತನ್ನದೇ ಒಂದು ಕ್ಲಾಸು, ಬಾಗಿಲ ಮೇಲೆ ತನ್ನ ಹೆಸರು, ಕೈಯಲ್ಲಿ ಅಮೆರಿಕದ ಇತಿಹಾಸದ ಪುಸ್ತಕ. ಅವನಿಗೆ ಬೇಕಾಗಿದ್ದದ್ದು ಇಷ್ಟೇ, ಮತ್ತು ಇದನ್ನು ಬಿಟ್ಟು ಬೇರೇನೂ ಬೇಕಿರಲಿಲ್ಲ.

ಎಪ್ಪತ್ತೊಂದರಲ್ಲಿ ಪದ್ಮಜಾ ನಗರದಾಚೆ, ಬಿಳಿಯರೇ ಇದ್ದ ಒಂದು ಹೊಸ ಬಡಾವಣೆಯಲ್ಲಿ ಮನೆ ಕೊಂಡಳು. ಪಕ್ಕದ ಮನೆಯ ವಾಲ್ಡ್ರನ್ ಅಲ್ಲಿನ ಮನೆಯವರ ಸಂಘದ ಅಧ್ಯಕ್ಷ, ಜೊತೆಗೆ ಊರಿನ ಶಾಲಾ ಮಂಡಳಿಯ ಸದಸ್ಯ. ಹಿಮ ತಳ್ಳುವ ಯಂತ್ರವನ್ನು ಕೇಳುವ ಮೊದಲೇ ತಂದುಕೊಡುವ ಆಸಾಮಿ. ಅವನೇ ಒಂದು ದಿನ ಬೇಲಿಯಾಚೆಯಿಂದ ಸುದ್ದಿ ಹೇಳಿದ. ಇಲ್ಲಿನ ಹೈಸ್ಕೂಲಿನಲ್ಲಿ ಅಮೆರಿಕದ ಇತಿಹಾಸ ಕಲಿಸುವ ಮೇಷ್ಟ್ರು ಬರುವ ಜೂನಿಗೆ ನಿವೃತ್ತರಾಗುತ್ತಾರಂತೆ, ನೀವು ಯಾಕೆ ಅಪ್ಲೈ ಮಾಡಬಾರದು? ಜಗನ್ನಾಥ ಆ ದಿನ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಮಾರನೆಯ ದಿನ ಅರ್ಜಿ ಹಾಕಿದ.

ಅದೇ ಸಮಯಕ್ಕೆ ಊರು ಕುದಿಯತೊಡಗಿತ್ತು. ಡೆಟ್ರಾಯಿಟ್ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಇಟ್ಟಿದ್ದಾರೆಂದು ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಇನ್ನು ನಗರದ ಮಕ್ಕಳನ್ನು ಬಸ್ಸಿನಲ್ಲಿ ಹೊರವಲಯಕ್ಕೂ, ಹೊರವಲಯದ ಮಕ್ಕಳನ್ನು ನಗರಕ್ಕೂ ಕಳಿಸುತ್ತಾರೆಂಬ ಸುದ್ದಿ ಹಬ್ಬಿತು. ಕಾರುಗಳ ಹಿಂದೆಲ್ಲ ಬಸ್ಸಿನ ವಿರುದ್ಧ ಚೀಟಿ ಅಂಟಿಕೊಂಡಿತು. ಎಪ್ಪತ್ತೆರಡರ ಏಪ್ರಿಲ್‌ನಲ್ಲಿ ವಾಲ್ಡ್ರನ್ ಹೆಂಡತಿಯ ಜೊತೆ ಇವರ ಮನೆಗೆ ಬಂದ. ಪದ್ಮಜಾ ಕಾಫಿ ಕೊಟ್ಟಳು. ಈ ಬಸ್ಸು ಬೇಡವೆಂದು ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಒಂದು ಮನವಿ ಕಳಿಸಬೇಕು, ನಮ್ಮವರು ಬರೆದದ್ದು ಬರೀ ಬೈಗುಳವಾಗಿದೆ, ನೀವು ಓದಿದವರು, ಮರ್ಯಾದೆಯ ಭಾಷೆಯಲ್ಲಿ ಬರೆದುಕೊಡಬೇಕು ಎಂದ. ಕೆಲಸದ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಅವರು ಹೋದಮೇಲೆ ಪದ್ಮಜಾ, "ಬರ್ಕೊಟ್ಬಿಡಿ ರೀ. ನಿಮ್ಮ ಹೆಸರೇನೂ ಹಾಕಲ್ವಲ್ಲ," ಎಂದಳು.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೂತವನು ನಾಲ್ಕರ ಹೊತ್ತಿಗೆ ಮುಗಿಸಿದ. ಕೈ ಎಲ್ಲೂ ತಡವರಿಸಲಿಲ್ಲ. ಊರಿನ ಜನ ತಮ್ಮ ಊರಿನ ವ್ಯವಹಾರ ತಾವೇ ನಡೆಸುವ ಹಕ್ಕು, ದೂರದ ಅಧಿಕಾರ ಮನೆಬಾಗಿಲಿಗೆ ಬರುವ ಅನ್ಯಾಯ, ಹಿರಿಯರು ಬಿಟ್ಟುಹೋದ ಒಡಂಬಡಿಕೆ, ಎಲ್ಲ ಬಂತು. ನಾಲ್ಕು ವರ್ಷ ಯಾರ ಸುಳ್ಳನ್ನು ಬಯಲಿಗೆಳೆಯಲೆಂದು ಓದಿದ್ದನೋ ಅವರ ಮಾತೇ ತನ್ನ ಪೆನ್ನಿನಿಂದ ಇಳಿಯುತ್ತಿದೆ ಎಂದು ಅವನಿಗೆ ಮೊದಲ ಪುಟದಲ್ಲೇ ಗೊತ್ತಾಯಿತು. ಗೊತ್ತಾಗಿಯೂ ಎರಡನೆಯ ಪುಟ ಬರೆದ. ನಾಚಿಕೆಯ ಮಾತೆಂದರೆ, ಬರೆಯುವಾಗ ಅವನಿಗೆ ಖುಷಿಯಾಗಿತ್ತು. ಓದಿದ್ದು ಕೊನೆಗೂ ಯಾರದೋ ಉಪಯೋಗಕ್ಕೆ ಬಂತಲ್ಲ ಎಂದು.

ಮಾರನೆಯ ದಿನ ಗೆಳೆಯ ಸಂಗನಬಸಪ್ಪ ಊಟಕ್ಕೆ ಬಂದಿದ್ದ. ಗದಗದ ಕಡೆಯವನು, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಟೈಪು ಮಾಡಿಟ್ಟ ಹಾಳೆಗಳನ್ನು ಎರಡು ಸಲ ಓದಿದ.

"ಭಾಳ ಛಲೋ ಬರದೀರಿ, ಜಗನ್ನಾಥರಾವ್. ಇಷ್ಟು ಛಲೋ ಬರೀಬಾರದಿತ್ತು ನೀವು," ಎಂದ.

"ನಾನು ಬರೀ ಬರ್ಕೊಟ್ಟಿರೋದು ಕಣಯ್ಯ. ಮಾತು ಅವರದ್ದು," ಎಂದ ಜಗನ್ನಾಥ.

"ಅವರಿಗೆ ಇಂಥಾ ಮಾತು ಎಲ್ಲೇ ಬರ್ತಾವರೀ? ಅವರು ಬೈತಿದ್ರು, ಅಷ್ಟ. ಬೈದದ್ದು ನಾಳೆ ಮರ್ತು ಹೋಗ್ತದ. ಇದು ಹೋಗಂಗಿಲ್ಲ."

ಪದ್ಮಜಾ ಅನ್ನಕ್ಕೆ ಸಾರು ಬಡಿಸುತ್ತ, ಇವರಿಗೂ ಒಂದು ನೆಲೆ ಅಂತ ಬೇಡವೇ ಎಂದು ಕೇಳಿದಳು. ಸಂಗನಬಸಪ್ಪ ತಲೆ ತಗ್ಗಿಸಿಕೊಂಡು ಊಟ ಮಾಡಿದ. ಹಾಳೆಗಳು ಸೋಮವಾರ ವಾಲ್ಡ್ರನ್ ಕೈ ಸೇರಿದವು.

ಮನವಿಗೆ ಎಂಟು ದಿನದಲ್ಲಿ ನಾಲ್ಕು ಸಾವಿರ ಸಹಿ ಬಿತ್ತು. ಮೇ ತಿಂಗಳಲ್ಲಿ ಪತ್ರಿಕೆಯೊಂದು ಅದನ್ನು ಪೂರ್ತಿಯಾಗಿ ಅಚ್ಚು ಮಾಡಿ, ಇದು ಗಂಭೀರವಾದ ದನಿ ಎಂದು ಹೊಗಳಿತು. ಸಂಘದ ಹೆಸರಿತ್ತು, ಜಗನ್ನಾಥನ ಹೆಸರಿರಲಿಲ್ಲ. ಜುಲೈಯಲ್ಲಿ ಶಾಲೆಯಿಂದ ಪತ್ರ ಬಂತು. ಅಮೆರಿಕದ ಇತಿಹಾಸದ ಹುದ್ದೆಗೆ ಫುಟ್‌ಬಾಲ್ ತರಬೇತಿಯನ್ನೂ ನೋಡಿಕೊಳ್ಳಬಲ್ಲ ಇಪ್ಪತ್ತಮೂರರ ಹುಡುಗನೊಬ್ಬನನ್ನು ತೆಗೆದುಕೊಂಡಿದ್ದರು. ವಾಲ್ಡ್ರನ್ ಬೇಲಿಯ ಹತ್ತಿರ ಬಂದು ನಿಜವಾಗಿಯೇ ನೊಂದುಕೊಂಡ. ನಾನು ನಿಮ್ಮ ಪರವಾಗಿ ಮಾತಾಡಿದೆ, ಆದರೆ ತಂದೆತಾಯಿಗಳು ನಮ್ಮ ಇತಿಹಾಸವನ್ನು ನಮ್ಮವರೇ ಹೇಳಬೇಕು ಎನ್ನುತ್ತಾರೆ, ಊರಿನ ಜನರ ಹಕ್ಕಲ್ಲವೇ ಅದು ಎಂದ. ಆ ವಾಕ್ಯ ತಾನು ಬರೆದ ಮನವಿಯ ಎರಡನೆಯ ಪುಟದ್ದು ಎಂದು ಜಗನ್ನಾಥ ಹೇಳಲಿಲ್ಲ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ನಗರದ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಿಗೆ ಆಪರೇಷನ್ನಾಗಿದೆ, ಒಂದು ವಾರ ಬನ್ನಿ ಎಂದರು. ಅಮೆರಿಕದ ಇತಿಹಾಸ, ಹನ್ನೊಂದನೆಯ ಕ್ಲಾಸು. ಇಷ್ಟು ವರ್ಷದಲ್ಲಿ ಇದೇ ಮೊದಲು ಅವನಿಗೆ ಅವನ ವಿಷಯ ಸಿಕ್ಕಿದ್ದು. ಒಳ್ಳೆಯ ಟೈ ಕಟ್ಟಿಕೊಂಡು ಹೋದ. ಮೇಜಿನ ಮೇಲೆ ಮೇಷ್ಟ್ರು ಬರೆದಿಟ್ಟ ಚೀಟಿಯಿತ್ತು: ಪುಸ್ತಕದಲ್ಲಿ ೧೮೩೨ರ ಅಧ್ಯಾಯ ಮುಗಿದಿದೆ, ಅದರ ಜೊತೆ ಇಟ್ಟು ಓದಲು ಈಗಿನ ಕಾಲದ ಒಂದು ಬರಹ ಕೊಟ್ಟಿದ್ದೇನೆ, ಮಕ್ಕಳ ಉತ್ತರ ಕೇಳಿ ಅಂಕ ಕೊಡಿ. ಚೀಟಿಯ ಕೆಳಗೆ, ಪತ್ರಿಕೆಯಿಂದ ಕತ್ತರಿಸಿ ಪ್ರತಿ ತೆಗೆದ ಮೂವತ್ತು ಹಾಳೆಗಳಿದ್ದವು. ಓದುವ ಅಗತ್ಯ ಅವನಿಗಿರಲಿಲ್ಲ.

ನಾಲ್ಕೈದು ಹುಡುಗರು ಏನೋ ಗೊಣಗಿದರು. ಆಮೇಲೆ ಡೆಲೋರಿಸ್ ಎಂಬ ಹುಡುಗಿ ಎದ್ದಳು. ಸಿಡುಕು ಮುಖ, ಎಡಗೈಯಲ್ಲಿ ಬರೆದ ಓರೆ ಅಕ್ಷರದ ಒಂದು ಹಾಳೆ.

"ಇದರಲ್ಲಿ ಮಕ್ಕಳು ಅನ್ನೋ ಮಾತು ಹನ್ನೊಂದು ಸಲ ಬಂದಿದೆ," ಎಂದಳು. "ಎಣಿಸಿದೀನಿ. ಒಂದು ಸಲವೂ ಅದು ನಾವಲ್ಲ. ಕಪ್ಪು ಅಂತ ಇಲ್ಲ, ಬಿಳಿ ಅಂತಲೂ ಇಲ್ಲ. ಪುಸ್ತಕದಲ್ಲಿರೋ ಆ ಕೆರೊಲಿನಾದವರೂ ಸುಂಕ ಸುಂಕ ಅಂತ ಇದ್ದರಲ್ಲ, ಹಾಗೇ."

ಜಗನ್ನಾಥ ಮುನ್ನೂರು ಪುಟದಲ್ಲಿ ಹೇಳಿದ್ದನ್ನು ಹುಡುಗಿ ಒಂದು ಉಸಿರಿನಲ್ಲಿ ಹೇಳಿದ್ದಳು. ಅವನ ಎದೆ ಹೆಮ್ಮೆಯಿಂದ ಉಬ್ಬಿತು. ಮರುಗಳಿಗೆಯೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮುಂದೆ ಹೇಳು ಎಂದ.

"ಇಷ್ಟೇ. ನಮ್ಮನ್ನ ಕಂಡರೆ ಆಗದವರು ಬರೆದಿದ್ದು ಅಂತ ಮೊದಲು ಅಂದುಕೊಂಡೆ. ಆದರೆ ಅವರು ಹೀಗೆ ಬರೆಯಲ್ಲ. ಇದು ತುಂಬ ಓದಿದವನು ಬರೆದದ್ದು. ಅವನಿಗೆ ಇದು ಸುಳ್ಳು ಅಂತ ಗೊತ್ತು. ಯಾರು ಸರ್ ಇದನ್ನ ಬರೆದಿದ್ದು?"

"ನನಗೆ ಗೊತ್ತಿಲ್ಲ," ಎಂದ ಜಗನ್ನಾಥ.

ಅವಳಿಗೆ ಪೂರ್ತಿ ಅಂಕ ಕೊಟ್ಟ. ಉಳಿದ ನಾಲ್ಕು ದಿನವೂ ಪಾಠ ಮಾಡಿದ, ಮತ್ತು ಚೆನ್ನಾಗಿಯೇ ಮಾಡಿದ. ಗುಲಾಮರ ಬಗ್ಗೆ, ಸುಂಕದ ಬಗ್ಗೆ, ಬಾಯಿ ಬಿಡದೆ ಇಟ್ಟುಕೊಂಡ ಮಾತುಗಳ ಬಗ್ಗೆ ಅವನು ಹೇಳುತ್ತಿದ್ದರೆ ಹಿಂದಿನ ಬೆಂಚಿನವರು ಮುಂದೆ ಬಂದು ಕೂತರು. ಶುಕ್ರವಾರ ಪ್ರಿನ್ಸಿಪಾಲರು, ನಗರದಲ್ಲೇ ಹುಟ್ಟಿ ಬೆಳೆದ ಕಪ್ಪು ಹೆಂಗಸು, ಅವನನ್ನು ಕೋಣೆಗೆ ಕರೆದು ಕೂರಿಸಿದರು. ಆ ಮೇಷ್ಟ್ರು ಇನ್ನು ಬರುವುದಿಲ್ಲವಂತೆ, ಜನವರಿಯಿಂದ ಹುದ್ದೆ ನಿಮಗೇ ಖಾಯಂ ಎಂದರು.

"ಡೆಲೋರಿಸ್ ನಿಮ್ಮ ಬಗ್ಗೆ ಹೇಳಿದಳು. ಅವಳು ಯಾರನ್ನೂ ಹೊಗಳೋ ಹುಡುಗಿಯಲ್ಲ. ನೀವು ಸುಳ್ಳು ಹೇಳದ ಮೇಷ್ಟ್ರು ಅಂದಳು."

ಆರು ವರ್ಷದಿಂದ ಕಾದಿದ್ದ ಕ್ಲಾಸು. ಹೂಂ ಎಂದರೆ ಸಾಕಿತ್ತು. ಆದರೆ ದಿನವೂ ಬೆಳಿಗ್ಗೆ ಆ ಸಿಡುಕು ಮುಖದ ಎದುರು ನಿಲ್ಲಬೇಕು. ಅವಳು ಶಾಲೆ ಬಿಟ್ಟು ಹೋದರೂ ಅವಳಂಥವರೇ ಇನ್ನೊಬ್ಬರು ಆ ಜಾಗದಲ್ಲಿ ಕೂರುತ್ತಾರೆ. ಒಂದೋ ನಿಜ ಹೇಳಬೇಕು, ಇಲ್ಲ ವರ್ಷವರ್ಷವೂ ಗೊತ್ತಿಲ್ಲ ಎನ್ನುತ್ತಿರಬೇಕು. ಎರಡಕ್ಕೂ ಅವನಲ್ಲಿ ಧೈರ್ಯವಿರಲಿಲ್ಲ. ಮನೆ ದೂರವಾಗುತ್ತದೆ ಎಂದೇನೋ ಹೇಳಿ, ಕೈ ಮುಗಿದು ಎದ್ದು ಬಂದ. ಮತ್ತೆ ನಗರದಿಂದ ಫೋನು ಬಂದರೆ ಎತ್ತಲಿಲ್ಲ.

ಪದ್ಮಜಾಗೆ ಅಷ್ಟು ಹೊತ್ತಿಗೆ ಹುದ್ದೆಯ ಸುದ್ದಿ ಹೇಗೋ ತಲುಪಿತ್ತು. ಏನಾಯಿತೆಂದು ಕೇಳಿದಳು.

"ಅವರಿಗೆ ಅವರ ಜನಾನೇ ಬೇಕಂತೆ," ಎಂದ ಜಗನ್ನಾಥ.

ಅವಳು ಅತ್ತುಬಿಟ್ಟಳು. ಅವನಿಗೋಸ್ಕರ ಅವಳು ಅತ್ತದ್ದು ಅದೊಂದೇ ಸಲ.

ಮುಂದಿನ ವರ್ಷ ಅವನು ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುವ ಕೈಪಿಡಿ ಬರೆಯುವ ಕೆಲಸಕ್ಕೆ ಸೇರಿದ. ಎಪ್ಪತ್ತನಾಲ್ಕರ ಜುಲೈಯಲ್ಲಿ, ನಗರದ ತಪ್ಪಿಗೆ ಹೊರವಲಯದವರು ಬಸ್ಸು ಓಡಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ವಾಲ್ಡ್ರನ್ ಕೇಕು ತಂದುಕೊಟ್ಟ. ಕನ್ನಡದವರ ಯುಗಾದಿ, ದೀಪಾವಳಿಗಳಲ್ಲಿ ಪದ್ಮಜಾ ತನ್ನ ಗಂಡನ ಕಥೆ ಹೇಳುತ್ತಿದ್ದಳು. ಊರಿಂದ ಹೊಸದಾಗಿ ಬಂದವರಿಗೆ ಎಪ್ಪತ್ತೆಂಟರಲ್ಲೂ ಹೇಳಿದಳು. ಬಿಳಿಯರು ಬಿಡಿ, ಆ ಕರಿಯರೂ ಕೂಡ ನಮ್ಮ ಜನವೇ ಬೇಕು ಎಂದು ಇವರಿಗೆ ಬಾಗಿಲು ಹಾಕಿದರು ನೋಡಿ, ಅಷ್ಟು ದೊಡ್ಡ ಓದು ಓದಿದವರಿಗೆ ಎಂದು. ಕೇಳಿದವರೆಲ್ಲ ಆ ಜನವೇ ಹಾಗೆ ಎಂದು ತಲೆಯಾಡಿಸಿದರು. ಸಂಗನಬಸಪ್ಪನೊಬ್ಬ ತಟ್ಟೆ ಹಿಡಿದುಕೊಂಡು ಎದ್ದು ಆಚೆ ಹೋದ. ಜಗನ್ನಾಥ ಕೂತಲ್ಲೇ ಕೂತಿದ್ದ. ಹೊಸಬನೊಬ್ಬ ಹತ್ತಿರ ಬಂದು, ಹೌದಾ ಅಂಕಲ್, ಹಾಗೇ ಅಂದ್ರಾ ಅವರು ಎಂದು ಕೇಳಿದ.

"ಹೌದಪ್ಪ, ಹಾಗೇ ಅಂದ್ರು," ಎಂದ ಜಗನ್ನಾಥ.